ಕೂಲಿಮಠದ ಅಯ್ಯಗಳ ಸಂಪಾದನೆ

ಕೂಲಿಮಠವನ್ನು ನೆನೆಯುವವರು ಅಯ್ಯಗಳ ಬೆತ್ತವನ್ನೂ ಕೋದಂಡವನ್ನೂ ವರ್ಣಿಸುವುದುಂಟು. ಅವರ ಸಂಪಾದನೆ ಎಷ್ಟೆಂದು ವಿಚಾರಿಸಿದವರು ವಿರಳ. 1823ರಲ್ಲಿ ಬಳ್ಳಾರಿಯ ಕಲೆಕ್ಟರನಾಗಿದ್ದ ಎ. ಡಿ. ಕ್ಯಾಂಬೆಲ್ ಅದನ್ನು ವಿಚಾರಿಸಿ ಬರೆದಿಟ್ಟಿದ್ದಾನೆ. ಮದರಾಸಿನ ಗವರ್ನರ್ ಸರ್ ಥಾಮಸ್ ಮನ್ರೋ ಜಿಲ್ಲೆ ಜಿಲ್ಲೆಗಳಿಂದ ಶಾಲೆಗಳ ಲೆಕ್ಕ ತರಿಸುತ್ತಿದ್ದ ಕಾಲವದು. ಬಳ್ಳಾರಿ ಜಿಲ್ಲೆಯಲ್ಲಿ ಆಗ 533 ಶಾಲೆಗಳು. ಕನ್ನಡದವು 235, ತೆಲುಗಿನವು 226, ಇಂಗ್ಲಿಷಿನದು ಒಂದೇ ಒಂದು.

ಮೊದಮೊದಲು ಅಕ್ಷರ ತಿದ್ದುವ ಮಗುವಿಗೆ ತಿಂಗಳಿಗೆ ಕಾಲು ರೂಪಾಯಿ. ಕಾಗದದ ಮೇಲೆ ಬರೆಯುವ ಮಟ್ಟಕ್ಕೋ ಮೇಲಿನ ಲೆಕ್ಕಕ್ಕೋ ಬಂದರೆ ಅರ್ಧ ರೂಪಾಯಿ. ಪದ್ಯದ ಅರ್ಥ ಹೇಳಬೇಕಾದರೆ ಅಯ್ಯಗಳು ಇನ್ನೂ ಹೆಚ್ಚು ಕೇಳುತ್ತಿದ್ದರು. ಅದನ್ನು ಕೊಡುವ ಶಕ್ತಿ ಬಹುಮಂದಿ ತಂದೆತಾಯಿಗಳಿಗಿರಲಿಲ್ಲ. ಹೀಗಾಗಿ ಹುಡುಗರು ಅರ್ಥವರಿಯದೆ ಪದ್ಯಗಳನ್ನು ಗಿಳಿಗಳಂತೆ ಒಪ್ಪಿಸುತ್ತಿದ್ದರು. ಅರ್ಥ ಬಲ್ಲ ಅಯ್ಯಗಳೇ ಕೆಲವರೆಂದು ಕ್ಯಾಂಬೆಲ್ ದೂರುತ್ತಾನೆ, ನಿಜ. ಆದರೆ ಆ ಕೂಲಿಗೆ ಪಂಡಿತರು ಎಲ್ಲಿಂದ ಬಂದಾರು?

ಮನ್ರೋ ಇದನ್ನು ಸರಿಯಾಗಿಯೇ ಗ್ರಹಿಸಿದ್ದನು. ಉಪಾಧ್ಯಾಯರಿಗೆ ತಿಂಗಳಿಗೆ ಆರೇಳು ರೂಪಾಯಿಗಿಂತ ಹೆಚ್ಚು ಸಿಕ್ಕುವುದು ಅಪರೂಪ, ಇದಕ್ಕೆ ಯೋಗ್ಯರು ಬರಲಾರರು ಎಂದು 1826ರ ಮಾರ್ಚಿಯಲ್ಲಿ ಬರೆದನು. ತಾಲ್ಲೂಕು ಶಾಲೆಯ ಉಪಾಧ್ಯಾಯನಿಗೆ ಸರ್ಕಾರದಿಂದ 9 ರೂಪಾಯಿ, ಜಿಲ್ಲಾ ಶಾಲೆಯವನಿಗೆ 15 ರೂಪಾಯಿ ಎಂದು ಸೂಚಿಸಿದನು. ಮಕ್ಕಳು ಕೊಡುವುದು ಬೇರೆ. ಎರಡೂ ಸೇರಿದರೆ ತಾಲ್ಲೂಕಿನ ಉಪಾಧ್ಯಾಯನು ಸ್ಕಾಟ್ಲೆಂಡಿನ ಹಳ್ಳಿಮೇಷ್ಟರಿಗಿಂತ ಸುಖವಾಗಿರಬಹುದೆಂದು ಅವನ ಅಂದಾಜು. ತಾನೂ ಸ್ಕಾಟ್ಲೆಂಡಿನವನೇ ತಾನೆ!

ಮರುವರ್ಷ ಜುಲೈಯಲ್ಲಿ ಮನ್ರೋ ಪತ್ತಿಕೊಂಡದಲ್ಲಿ ಕಾಲರಾದಿಂದ ತೀರಿಕೊಂಡನು. 1836ರಲ್ಲಿ ಆ ತಾಲ್ಲೂಕು ಶಾಲೆಗಳನ್ನೂ ಮುಚ್ಚಲಾಯಿತು.