ಶೋಧ ಎಂಬ ಮಾತು

ಮೋರಟಗಿಯ ಒಂದು ಹಳೆಯ ಮನೆಯಲ್ಲಿ ತಾಳೆಗರಿಯ ಕಟ್ಟೊಂದು ಇದೆಯೆಂದು ಕೇಳಿ ನೋಡಲು ಹೋಗಿದ್ದೆ. 'ಶೋಧ ಮಾಡಲು ಬಂದಿದ್ದೇನೆ' ಎಂದು ತುಸು ಗ್ರಾಂಥಿಕವಾಗಿಯೇ ಹೇಳಿದೆನೆಂದು ತೋರುತ್ತದೆ. ಹೊಸ್ತಿಲ ಬಳಿ ಕುಳಿತಿದ್ದ ಮುದುಕಿ ಸೆರಗು ಸರಿಪಡಿಸಿಕೊಂಡು ಎದ್ದು ನಿಂತಳು: "ನಮ್ಮ ಮನ್ಯಾಗ ಏನ್ ಕಳವಾಗ್ಯದ ಅಂತ ಶೋಧ ಮಾಡ್ಲಾಕ ಬಂದೀ, ತಮ್ಮಾ?"

ಆಕೆಯ ಸಂಶಯ ನಿರಾಧಾರವಾದುದಲ್ಲ. 1956ರ ವರೆಗೆ ಈ ಸೀಮೆ ಮುಂಬಯಿ ಆಡಳಿತಕ್ಕೆ ಒಳಪಟ್ಟಿತ್ತು. ಮರಾಠಿಯ ತಪಾಸ, ಝಡತಿಗಳು ಕಚೇರಿಯಿಂದ ಜನರ ಬಾಯಿಗೆ ಇಳಿದಿದ್ದವು. ಪೊಲೀಸರು ಮನೆ ಹೊಕ್ಕು ಗಂಟುಮೂಟೆ ಬಿಚ್ಚಿದರೆ ಅದು ಝಡತಿ. ಅದಕ್ಕೆ ಆ ಠಾವಿನ ಇಬ್ಬರಾದರೂ ಮರ್ಯಾದಸ್ಥರು ಸಾಕ್ಷಿಗಿರಬೇಕೆಂದು 1898ರ ದಂಡ ಪ್ರಕ್ರಿಯಾ ಸಂಹಿತೆ ವಿಧಿಸಿತ್ತು. ಇಂಗ್ಲಿಷಿನ 'ಸರ್ಚ್' ಈ ಝಡತಿಗೂ ಸಲ್ಲುತ್ತದೆ, ಪಂಡಿತನ ಹುಡುಕಾಟಕ್ಕೂ ಸಲ್ಲುತ್ತದೆ. ಅದರ ಲ್ಯಾಟಿನ್ ಮೂಲಕ್ಕೆ ಸುತ್ತು ಬರುವುದೆಂದು ಅರ್ಥ. ಸರ್ಕಸ್ ಅದರ ದಾಯಾದಿ!

ನಮ್ಮಲ್ಲಿ ಒಂದೊಂದಕ್ಕೂ ಬೇರೆ ಮಾತುಂಟು. ಕಳೆದುದನ್ನು ಹುಡುಕುತ್ತೇವೆ, ಕತ್ತಲಲ್ಲಿ ತಡಕಾಡುತ್ತೇವೆ. ಅರಸುವುದು ಹಳಗನ್ನಡದಲ್ಲಿ ಶಕಟರೇಫದ 'ಅಱಸು'. ಆ ಅಕ್ಷರ ಬಳಕೆ ತಪ್ಪಿದ ಮೇಲೆ ಹುಡುಕುವ ಅರಸು, ಆಳುವ ಅರಸು ಎರಡೂ ಒಂದೇ ರೂಪ ತಾಳಿದವು. ಗವೇಷಣೆಯಂತೂ ಮೂಲದಲ್ಲಿ ಗೋವುಗಳನ್ನು ಬಯಸಿ ಹೊರಡುವುದು. ಸಂಜೆ ಮನೆಗೆ ಬಾರದ ಎಮ್ಮೆಗಾಗಿ ಹೊಲದ ಬದುವಿನಲ್ಲಿ ಅಲೆದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಶೋಧದ ಧಾತು 'ಶುಧ್', ಶುದ್ಧವಾಗುವುದು. ಕಷಾಯವನ್ನು ಬಟ್ಟೆಯಲ್ಲಿ ಹಾಕಿ ಶೋಧಿಸುವುದೂ ಇದೇ ಮಾತು. ಧಾರವಾಡದಲ್ಲಿ 1939ರಲ್ಲಿ ಕನ್ನಡ ಸಂಶೋಧನ ಸಂಸ್ಥೆ ಹುಟ್ಟಿದಾಗ ಈ ಮಾತಿಗೆ ಸರಕಾರದ ಮುದ್ರೆಯೂ ಬಿತ್ತು. ಅದಕ್ಕೆ ಮೊದಲೇ ವಿಜಾಪುರದ ವಕೀಲರೊಬ್ಬರು ಎರಡೂ ಅರ್ಥದ ಶೋಧವನ್ನು ನಡೆಸಿದ್ದರು. ಫ.ಗು. ಹಳಕಟ್ಟಿಯವರಿಗೆ ಕೋರ್ಟಿನ ಝಡತಿ ತಿಳಿಯದ್ದಲ್ಲ. ಆದರೆ ವಚನದ ಕಟ್ಟುಗಳು ದೇವರ ಜಗಲಿಯ ಮೇಲೆ ಪೂಜೆಗೊಳ್ಳುತ್ತಿದ್ದ ಮನೆಗಳಿಗೆ ವಾರಂಟು ಹಿಡಿದು ಹೋಗಲಾಗುತ್ತದೆಯೆ? ಮನೆಯವರ ಮನಸ್ಸು ಒಲಿಯದಿದ್ದರೆ ಗರಿ ಗೆದ್ದಲಿಗೆ. ಅವರು ಕಾದರು, ಕೇಳಿದರು, ಪ್ರತಿ ಮಾಡಿದರು. ಕೂಡಿಸಿದುದನ್ನು ವಿಷಯವಾರು ಜೋಡಿಸಿದರು. 'ವಚನಶಾಸ್ತ್ರ ಸಾರ'ದ ಮೊದಲ ಭಾಗ 1923ರಲ್ಲಿ ಬೆಳಗಾವಿಯಲ್ಲಿ ಅಚ್ಚಾಯಿತು. 1925ರಲ್ಲಿ ವಿಜಾಪುರದಲ್ಲಿಯೇ ಹಿತಚಿಂತಕ ಮುದ್ರಣಾಲಯ, ಮರುವರ್ಷ 'ಶಿವಾನುಭವ' ಪತ್ರಿಕೆ. ಸಂಗ್ರಹಿಸಿದವರು ಬಹುಮಂದಿ ಇರಬಹುದು. ಸಂಗ್ರಹಿಸಿದ್ದನ್ನು ಜನರ ಕೈಗೆ ಮುಟ್ಟಿಸಲು ಅಚ್ಚುಕೂಟವನ್ನೇ ಹೂಡಿದವರು ಎಷ್ಟು ಮಂದಿ?

ಇರಲಿ. ಅಂದು ಬಾಗಿಲಲ್ಲಿ ನಿಂತು ನಾನು ಮಾತು ಬದಲಿಸಿದೆ. "ಶೋಧ ಅಲ್ಲವ್ವಾ, ಪುಸ್ತಕದ ದರ್ಶನಕ್ಕ ಬಂದೀನಿ" ಎಂದೆ. ಮುದುಕಿ ನನ್ನ ಚಪ್ಪಲಿಯತ್ತ ನೋಡಿದಳು. "ಹಂಗಂದ್ರ ಕಾಲ ತೊಳಕೊಂಡ ಬಾ" ಎಂದು ತಂಬಿಗೆ ಕೊಟ್ಟಳು.

ಜಗಲಿಯಿಂದ ಇಳಿಸಿದ ಕಟ್ಟಿನಲ್ಲಿ ನಾನು ಆಶಿಸಿದ ವಚನಗಳಿರಲಿಲ್ಲ. ಹುಳು ಬಿಟ್ಟಷ್ಟು ಭಾಗದಲ್ಲಿ ಇದ್ದುದು ವೈದ್ಯ. ಪಾದರಸವನ್ನು ಶೋಧಿಸುವ ಕ್ರಮ ಒಂದು ಗರಿಯ ಮೇಲೆ ಅರ್ಧ ಉಳಿದಿತ್ತು. ಅದನ್ನು ಓದಿ ಹೇಳಿದಾಗ ಆಕೆ, ಅದು ತನ್ನ ಮಾವನ ಕೈಬರಹವೆಂದಳು.