ಸೊಲ್ಲಾಪುರದಿಂದ ಚೀನಾಕ್ಕೆ: ಮರಳಿ ಬಾರದ ವೈದ್ಯ

ಶಿವಮೊಗ್ಗದ ರವೀಂದ್ರನಗರದಲ್ಲಾಗಲಿ, ಭದ್ರಾವತಿಯ ಕಾರ್ಮಿಕರ ಕೇರಿಯಲ್ಲಾಗಲಿ, ದೂರದ ದೇಶದ ಸಂತ್ರಸ್ತರಿಗಾಗಿ ಚಂದಾ ಕೇಳಲು ಹೊರಟವರಿಗೆ ಒಂದು ಪ್ರಶ್ನೆ ತಪ್ಪದೆ ಎದುರಾಗುತ್ತದೆ: ‘ನಮ್ಮೂರಿನ ಬಡವರು ನಿಮ್ಮ ಕಣ್ಣಿಗೆ ಬೀಳಲಿಲ್ಲವೇ?’ ಪ್ರಶ್ನೆ ನ್ಯಾಯವಾದದ್ದೇ. ಆದರೆ ನಮ್ಮ ಇತಿಹಾಸ ಇದಕ್ಕೆ ಕೊಟ್ಟ ಉತ್ತರವನ್ನೂ ತಿಳಿದಿರುವುದು ಒಳ್ಳೆಯದು.

1937ರ ಜುಲೈಯಲ್ಲಿ ಜಪಾನ್ ಚೀನಾದ ಮೇಲೆ ಪೂರ್ಣ ಪ್ರಮಾಣದ ದಾಳಿ ನಡೆಸಿತು. ಚೀನಾದ ಸೇನಾಧಿಪತಿ ಝು ದೆ ಅವರು ಜವಾಹರಲಾಲ್ ನೆಹರೂಗೆ ಪತ್ರ ಬರೆದು ನೆರವು ಕೇಳಿದರು. ಆಗ ಭಾರತವೇ ಪರರ ಆಳ್ವಿಕೆಯಲ್ಲಿತ್ತು. ಇಲ್ಲಿ ಹಸಿವಿಗೂ ಕೊರತೆಯಿರಲಿಲ್ಲ, ರೋಗಕ್ಕೂ ಕೊರತೆಯಿರಲಿಲ್ಲ. ಆದರೂ 1938ರಲ್ಲಿ ಕಾಂಗ್ರೆಸ್ಸಿನ ಅಧ್ಯಕ್ಷರಾಗಿದ್ದ ಸುಭಾಷ್‌ಚಂದ್ರ ಬೋಸ್ ಜನರ ಮುಂದೆ ಕೈಯೊಡ್ಡಿದರು. ಸುಮಾರು 22 ಸಾವಿರ ರೂಪಾಯಿ ಕೂಡಿತು. ಅದೇ ವರ್ಷ ರವೀಂದ್ರನಾಥ ಠಾಕೂರರು ತಮ್ಮ ಮಿತ್ರ, ಜಪಾನೀ ಕವಿ ಯೋನೆ ನೊಗುಚಿಗೆ ಪತ್ರ ಬರೆದು ಆ ಆಕ್ರಮಣವನ್ನು ಖಂಡಿಸಿದರು. ಸ್ನೇಹಕ್ಕಾಗಿ ಅವರು ಅನ್ಯಾಯವನ್ನು ಮರೆಮಾಚಲಿಲ್ಲ.

ಇಂತಹ ನೆರವಿಗೆ ಮೊದಲೇ ಒಂದು ಮಾದರಿಯಿತ್ತು. 1912ರ ಬಾಲ್ಕನ್ ಯುದ್ಧದಲ್ಲಿ ಗಾಯಗೊಂಡ ತುರ್ಕಿ ಸೈನಿಕರ ಶುಶ್ರೂಷೆಗಾಗಿ ಡಾ. ಎಂ.ಎ. ಅನ್ಸಾರಿಯವರ ನೇತೃತ್ವದಲ್ಲಿ ಒಂದು ವೈದ್ಯಕೀಯ ತಂಡ ಭಾರತದಿಂದ ಹೋಗಿ, 1913ರಲ್ಲಿ ಮರಳಿತ್ತು.

1938ರ ಸೆಪ್ಟೆಂಬರ್ 1ರಂದು ಮುಂಬಯಿಯಿಂದ ಐವರು ವೈದ್ಯರು ಹಡಗು ಹತ್ತಿದರು. ತಂಡದ ನಾಯಕ ಡಾ. ಅಟಲ್ ಸ್ಪೇನಿನ ಯುದ್ಧದಲ್ಲಿ ಸೇವೆ ಸಲ್ಲಿಸಿ ಬಂದವರು. ಜೊತೆಗೆ ನಾಗಪುರದ ಡಾ. ಚೋಳ್ಕರ್, ಕಲ್ಕತ್ತಾದ ಡಾ. ಮುಖರ್ಜಿ ಮತ್ತು ಡಾ. ಬಸು, ಸೊಲ್ಲಾಪುರದ ಡಾ. ದ್ವಾರಕಾನಾಥ ಕೋಟ್ನಿಸ್. ಕೋಟ್ನಿಸರಿಗೆ ಆಗ ಇನ್ನೂ 28 ತುಂಬಿರಲಿಲ್ಲ.

ಸೊಲ್ಲಾಪುರ ನಮಗೆ ಪರಕೀಯ ಊರಲ್ಲ. ಮರಾಠಿ, ಕನ್ನಡ, ತೆಲುಗು, ಉರ್ದು ಬೆರೆತ ಗಿರಣಿಗಳ ಊರದು. 1930ರ ಚಳವಳಿಯಲ್ಲಿ ಬ್ರಿಟಿಷರು ಅಲ್ಲಿ ಸೈನಿಕ ಕಾನೂನು ಹೇರಿದರು. 1931ರ ಜನವರಿ 12ರಂದು ಆ ಊರಿನ ಮಲ್ಲಪ್ಪ ಧನಶೆಟ್ಟಿ, ಕುರ್ಬಾನ್ ಹುಸೇನ್, ಜಗನ್ನಾಥ ಶಿಂದೆ, ಶ್ರೀಕಿಶನ್ ಸಾರ್ಡಾ ನಾಲ್ವರನ್ನೂ ಯೆರವಡಾ ಜೈಲಿನಲ್ಲಿ ಗಲ್ಲಿಗೇರಿಸಿದರು. ಹೆಸರುಗಳನ್ನು ಗಮನಿಸಿ: ಭಾಷೆ ಬೇರೆ, ಧರ್ಮ ಬೇರೆ, ನೇಣು ಒಂದೇ. ತನ್ನ ನೋವನ್ನು ಬಲ್ಲ ಈ ಊರಿನ ಹುಡುಗ ಪರರ ನೋವಿಗೆ ಓಗೊಟ್ಟದ್ದು ಆಶ್ಚರ್ಯವಲ್ಲ.

ತಂಡ 1939ರ ಫೆಬ್ರವರಿಯಲ್ಲಿ ಯೆನಾನ್ ತಲುಪಿತು. ವಯಸ್ಸು, ಅನಾರೋಗ್ಯ ಮೊದಲಾದ ಕಾರಣಗಳಿಂದ ಮೂವರು ಒಬ್ಬೊಬ್ಬರಾಗಿ ಹಿಂದಿರುಗಿದರು. ಡಾ. ಬಸು 1943ರಲ್ಲಿ ಬಂದರು. ಕೋಟ್ನಿಸ್ ಮಾತ್ರ ಬರಲಿಲ್ಲ. ಅಲ್ಲಿದ್ದಾಗಲೇ ತಂದೆ ತೀರಿಕೊಂಡ ಸುದ್ದಿ ಮುಟ್ಟಿದರೂ ಅವರು ಕೆಲಸ ಬಿಟ್ಟೇಳಲಿಲ್ಲ.

ಅವರು ಹೋದದ್ದು ಉತ್ತರ ಚೀನಾದ ಬಡ ಹಳ್ಳಿಗಳಿಗೆ. ಔಷಧವಿಲ್ಲ, ಉಪಕರಣವಿಲ್ಲ. ಅಲ್ಲಿ ದುಡಿದು, ಶಸ್ತ್ರಚಿಕಿತ್ಸೆಯ ವೇಳೆ ಆದ ಗಾಯ ನಂಜೇರಿ 1939ರಲ್ಲಿ ತೀರಿಕೊಂಡ ಕೆನಡಾದ ವೈದ್ಯ ನಾರ್ಮನ್ ಬೆಥೂನ್ ಅವರ ಹೆಸರಿನ ಆಸ್ಪತ್ರೆಗೆ 1941ರಲ್ಲಿ ಕೋಟ್ನಿಸ್ ನಿರ್ದೇಶಕರಾದರು. ಚೀನೀ ಭಾಷೆ ಕಲಿತರು, ಆ ಭಾಷೆಯಲ್ಲೇ ಪಾಠ ಹೇಳಿದರು, ವಿದ್ಯಾರ್ಥಿಗಳಿಗಾಗಿ ಶಸ್ತ್ರಚಿಕಿತ್ಸೆಯ ಪಠ್ಯ ಬರೆಯತೊಡಗಿದರು. ಐವರೂ ತಮ್ಮ ಚೀನೀ ಹೆಸರಿನ ಕೊನೆಗೆ ಚೀನಾ ಎಂಬರ್ಥದ ‘ಹುವಾ’ ಸೇರಿಸಿಕೊಂಡಿದ್ದರು. ಅಲ್ಲಿನವರಿಗೆ ಕೋಟ್ನಿಸ್ ‘ಕೆ ದಿಹುವಾ’.

ಜೊತೆಗೆ ದುಡಿಯುತ್ತಿದ್ದ ದಾದಿ ಗುವೊ ಚಿಂಗ್‌ಲಾನ್ ಅವರನ್ನು 1941ರಲ್ಲಿ ಮದುವೆಯಾದರು. 1942ರ ಆಗಸ್ಟ್‌ನಲ್ಲಿ ಹುಟ್ಟಿದ ಮಗನಿಗೆ ‘ಯಿನ್‌ಹುವಾ’ ಎಂದು ಹೆಸರಿಟ್ಟರು. ಭಾರತ ಮತ್ತು ಚೀನಾ ಎಂದು ಅದರರ್ಥ. ಮೂರೂವರೆ ತಿಂಗಳಲ್ಲಿ, ಡಿಸೆಂಬರ್ 9ರಂದು, ಅಪಸ್ಮಾರ ಅವರನ್ನು ಬಲಿ ತೆಗೆದುಕೊಂಡಿತು. ವಯಸ್ಸು 32. ವೈದ್ಯಕೀಯ ಓದುತ್ತಿದ್ದ ಮಗನೂ 1967ರಲ್ಲಿ ತೀರಿಹೋದ. ಗುವೊ 2012ರವರೆಗೆ ಬದುಕಿದ್ದರು.

ಕೆ.ಎ. ಅಬ್ಬಾಸ್ ಈ ಕಥೆಯನ್ನು ಪುಸ್ತಕವಾಗಿ ಬರೆದರು, ವಿ. ಶಾಂತಾರಾಮ್ 1946ರಲ್ಲಿ ಚಲನಚಿತ್ರವಾಗಿಸಿದರು. 1962ರ ಯುದ್ಧ ಎರಡು ದೇಶಗಳ ನಡುವೆ ಗೋಡೆ ಎಬ್ಬಿಸಿತು. ಆದರೂ ಚೀನಾದ ನಾಯಕರು ಭಾರತಕ್ಕೆ ಬಂದಾಗ ಕೋಟ್ನಿಸ್ ಕುಟುಂಬದವರನ್ನು ಕಾಣುವ ರೂಢಿ ಉಳಿದುಬಂದಿತು. ಸರಕಾರಗಳು ಮುರಿದುಕೊಂಡದ್ದನ್ನು ಒಬ್ಬ ವೈದ್ಯನ ನೆನಪು ಉಳಿಸಿಕೊಂಡಿತ್ತು.

ಈಗ ಮೊದಲಿನ ಪ್ರಶ್ನೆಗೆ ಬರೋಣ. ನಮ್ಮೂರಿನ ಬಡವರನ್ನು ಮರೆತು ದೂರದವರಿಗೆ ಮರುಗುವುದು ಬೂಟಾಟಿಕೆ, ನಿಜ. ಆದರೆ ‘ನಮ್ಮೂರಿನ ಬಡವರು’ ಎಂದು ಹೇಳಿ ಇಬ್ಬರಿಗೂ ಏನನ್ನೂ ಕೊಡದೆ ಬಾಗಿಲು ಹಾಕಿಕೊಳ್ಳುವುದು ಇನ್ನೇನು? 1938ರಲ್ಲಿ ಚಂದಾ ಕೊಟ್ಟವರಿಗೆ ಸ್ವಂತ ಕಷ್ಟ ಕಡಿಮೆಯೇನೂ ಇರಲಿಲ್ಲ. ಇನ್ನು ಹೋಗುವವರಿಗೂ ಒಂದು ಪಾಠವಿದೆ. ಕಂಬಳಿ ಹಂಚಿ, ಫೋಟೋ ತೆಗೆಸಿಕೊಂಡು ವಾರದಲ್ಲಿ ಮರಳುವುದು ಸುಲಭ. ಕೋಟ್ನಿಸ್ ಅಲ್ಲಿನ ಮಾತು ಕಲಿತರು. ತಾವಿಲ್ಲದಾಗಲೂ ಗಾಯಕ್ಕೆ ಹೊಲಿಗೆ ಹಾಕಬಲ್ಲ ಅಲ್ಲಿನದೇ ಹುಡುಗರನ್ನು ತಯಾರು ಮಾಡಿದರು. ನಾವು ಕಳಿಸುವ ನೆರವು, ಹತ್ತಿರಕ್ಕಾಗಲಿ ದೂರಕ್ಕಾಗಲಿ, ನಾವು ಹಿಂದಿರುಗಿದ ಮೇಲೆ ಅಲ್ಲಿ ಏನನ್ನು ಉಳಿಸುತ್ತದೆ?