ಕಂಥಾಕಾವ್ಯವೂ ಲೋಪಕಾವ್ಯವೂ

ಹಳೆಯ ಕಾವ್ಯವೊಂದರ ಮುದ್ರಿತ ಪುಟವನ್ನು ಮುಂದಿಟ್ಟುಕೊಂಡು, ತನಗೆ ಬೇಕಾದ ನಾಲ್ಕಾರು ಪದಗಳನ್ನು ಮಾತ್ರ ಉಳಿಸಿ, ಮಿಕ್ಕುದೆಲ್ಲವನ್ನೂ ಮಸಿಯಿಂದ ಮುಚ್ಚಿ, ಉಳಿದ ಪದಗಳೇ ಹೊಸದೊಂದು ಕವಿತೆಯಾಗುವಂತೆ ಮಾಡುವ ಕಲೆಯು ಪಾಶ್ಚಾತ್ಯ ದೇಶಗಳಲ್ಲಿ ಈಗ ಪ್ರಚಾರದಲ್ಲಿರುವುದು. ಇದರ ಸೋದರಿಯಾದ ಮತ್ತೊಂದು ಕಲೆಯಲ್ಲಿ ಪುಟವನ್ನು ಕತ್ತರಿಸಿ, ಚೂರುಗಳನ್ನು ಬೇರೊಂದು ಕ್ರಮದಲ್ಲಿ ಅಂಟಿಸಿ, ನಡುನಡುವೆ ಚಿತ್ರಗಳನ್ನೂ ಸೇರಿಸುವರು. ನಮ್ಮ ಪಾಠಶಾಲೆಗಳಲ್ಲಿಯೂ ಮಕ್ಕಳಿಂದ ಇವನ್ನು ಮಾಡಿಸುವವರುಂಟು. ಇದನ್ನು ಕಂಡ ಹಿರಿಯರು ಕೆಲವರು ‘ಮಹಾಕವಿಯ ಮುಖಕ್ಕೆ ಮಸಿ ಬಳಿದಂತಾಯಿತು’ ಎಂದು ಕೋಪಿಸಿಕೊಳ್ಳುವರು. ಕಿರಿಯರು ಇಂತಹುದನ್ನು ಲೋಕವು ಹಿಂದೆಂದೂ ಕಂಡಿರಲಿಲ್ಲವೆಂದು ಹಿಗ್ಗುವರು. ಇತಿಹಾಸವನ್ನು ನೋಡಿದರೆ ಇಬ್ಬರ ಮಾತೂ ನಿಲ್ಲತಕ್ಕದ್ದಲ್ಲ. ಪೂರ್ವಕವಿಯ ಮಾತನ್ನೇ ತೆಗೆದುಕೊಂಡು ಹೊಸ ಅರ್ಥವನ್ನು ಹುಟ್ಟಿಸುವ ಪದ್ಧತಿಯು ನಮ್ಮಲ್ಲಿಯೂ ಗ್ರೀಕ್ ಮತ್ತು ರೋಮನ್ ಜನರಲ್ಲಿಯೂ ಸಾವಿರಾರು ವರ್ಷಗಳಿಂದ ನಡೆದುಬಂದಿದೆ.

ಮೊದಲು ಅಳಿಸುವ ಕಲೆಯನ್ನೇ ನೋಡೋಣ. ಬಾಣಭಟ್ಟನು ಕಾದಂಬರಿಯಲ್ಲಿ ಶೂದ್ರಕರಾಜನ ವಿನೋದಗಳನ್ನು ಹೇಳುವಾಗ ಅಕ್ಷರಚ್ಯುತಕ, ಮಾತ್ರಾಚ್ಯುತಕ, ಬಿಂದುಮತಿ, ಪ್ರಹೇಲಿಕೆ ಮುಂತಾದುವನ್ನು ಎಣಿಸುತ್ತಾನೆ. ಬಾಣನು ಹರ್ಷವರ್ಧನನ ಆಸ್ಥಾನದವನು, ಎಂದರೆ ಕ್ರಿ.ಶ. 7ನೆಯ ಶತಮಾನದವನು. ಶ್ಲೋಕದಿಂದ ಒಂದು ಅಕ್ಷರವನ್ನೋ ಮಾತ್ರೆಯನ್ನೋ ತೆಗೆದರೆ ಬೇರೊಂದು ಅರ್ಥವು ಹೊರಡಬೇಕೆಂಬುದು ಚ್ಯುತಕದ ನಿಯಮ. ಆಲಂಕಾರಿಕನಾದ ರುದ್ರಟನು ಬಿಂದುಚ್ಯುತಕವನ್ನೂ ಹೇಳಿದ್ದಾನೆ. ‘ವಂಶ’ದ ಬಿಂದುವನ್ನು ಅಳಿಸಿದರೆ ‘ವಶ’ವಾಗುವುದು, ‘ಮಂದ’ವು ‘ಮದ’ವಾಗುವುದು, ‘ಅಂಗ’ವು ‘ಅಗ’ವಾಗಿ ದೇಹದ ಮಾತು ಬೆಟ್ಟದ ಮಾತಾಗುವುದು. ಬಿಂದುಮತಿಯು ಇದಕ್ಕಿಂತ ವಿಚಿತ್ರವಾದುದು. ಅದರಲ್ಲಿ ವ್ಯಂಜನಗಳನ್ನೆಲ್ಲ ಮರೆಮಾಡಿ ಅವುಗಳ ಸ್ಥಾನದಲ್ಲಿ ಬರಿಯ ಬೊಟ್ಟುಗಳನ್ನಿಟ್ಟು, ಸ್ವರಚಿಹ್ನೆಗಳನ್ನು ಮಾತ್ರ ಉಳಿಸಿ, ಶ್ಲೋಕವನ್ನು ಕಂಡುಹಿಡಿಯೆಂದು ಸಭೆಯ ಮುಂದಿಡುವರು. ಇಂದಿನ ಮಸಿಕವಿಯು ಮುಚ್ಚಿ ಮರೆಯಿಸುವನು, ಅಂದಿನ ರಸಿಕನು ಮುಚ್ಚಿದ್ದನ್ನು ಬಿಡಿಸುವನು, ಇಷ್ಟೇ ಭೇದ. ಆಲಂಕಾರಿಕರು ಇವನ್ನು ಉತ್ತಮಕಾವ್ಯವೆಂದು ಎಂದೂ ಎಣಿಸಲಿಲ್ಲ. ವಿನೋದವೆಂದು ಬಗೆದು ಅದಕ್ಕೆ ತಕ್ಕ ಸ್ಥಾನವನ್ನು ಕೊಟ್ಟರು. ಅವರ ತೂಕ ಸರಿಯಾಗಿಯೇ ಇದ್ದಿತು.

ಹೊಲಿಯುವ ಕಲೆಯ ಸಂಗತಿ ಬೇರೆ. ಅದು ವಿನೋದದಲ್ಲಿ ಹುಟ್ಟಿ ಅಲ್ಲಿಯೇ ನಿಲ್ಲದೆ ಗಂಭೀರಕಾವ್ಯದವರೆಗೆ ಬೆಳೆಯಿತು. ರೋಮಿನವರು ಇದನ್ನು ‘ಸೆಂಟೊ’ ಎಂದು ಕರೆದರು. ಆ ಪದಕ್ಕೆ ಹಳೆಯ ಬಟ್ಟೆಯ ತುಂಡುಗಳಿಂದ ಹೊಲಿದ ಹೊದಿಕೆಯೆಂದು ಅರ್ಥ. ಸಂಸ್ಕೃತದಲ್ಲಿ ಕಂಥೆಯೆನ್ನುವುದೂ, ನಮ್ಮ ಉತ್ತರದ ಜಿಲ್ಲೆಗಳ ಮನೆಗಳಲ್ಲಿ ಅಜ್ಜಿಯರು ಹಳೆಯ ಸೀರೆಗಳಿಂದ ಹೊಲಿಯುವ ಕೌದಿಯೆಂಬುದೂ ಅದೇ. ವರ್ಜಿಲ್ ಮಹಾಕವಿಯ ಪಂಕ್ತಿಗಳನ್ನೂ ಅರ್ಧಪಂಕ್ತಿಗಳನ್ನೂ ಆಯ್ದು ಜೋಡಿಸಿ, ಹೋಸಿಡಿಯಸ್ ಗೇಟನೆಂಬವನು ಮೀಡಿಯಾ ಎಂಬ ದುರಂತನಾಟಕವನ್ನೇ ರಚಿಸಿದನು. 4ನೆಯ ಶತಮಾನದಲ್ಲಿ ಅಸೋನಿಯಸ್ ಕವಿಯು ವ್ಯಾಲೆಂಟೀನಿಯನ್ ಚಕ್ರವರ್ತಿಯ ಆಜ್ಞೆಯಂತೆ ವಿವಾಹವಿಷಯಕವಾದ ಸೆಂಟೊ ಒಂದನ್ನು ಬರೆದನು. ಚಕ್ರವರ್ತಿಯು ತಾನೇ ಅಂತಹುದೊಂದನ್ನು ರಚಿಸಿ ಕವಿಯನ್ನು ಸ್ಪರ್ಧೆಗೆ ಕರೆದಿದ್ದನು. ಗೆದ್ದರೆ ರಾಜಕೋಪ, ಸೋತರೆ ಅಪಮಾನ. ಆಸ್ಥಾನಕವಿಯ ಪಾಡು ಎಲ್ಲ ದೇಶಗಳಲ್ಲಿಯೂ ಒಂದೇ! ಅಸೋನಿಯಸನು ತನ್ನ ಗೆಳೆಯನಿಗೆ ಬರೆದ ಪತ್ರದಲ್ಲಿ ಈ ಕಲೆಯ ನಿಯಮಗಳನ್ನು ವಿವರಿಸಿದ್ದಾನೆ. ಎರಡು ಪೂರ್ಣಪಂಕ್ತಿಗಳನ್ನು ಒಂದರ ಹಿಂದೊಂದು ತೆಗೆದುಕೊಳ್ಳುವುದು ಜಾಣತನವಲ್ಲ. ಹದಿನಾಲ್ಕು ಮೂಳೆಯ ತುಂಡುಗಳನ್ನು ಕೂಡಿಸಿ ಆನೆ, ಹಂದಿ ಮುಂತಾದ ಆಕಾರಗಳನ್ನು ಮಾಡುವ ಆಟದಂತೆ ಇದೂ ಸಂದು ಕಾಣದಂತೆ ಕೂಡಬೇಕು ಎಂಬುದು ಅವನ ಅಭಿಪ್ರಾಯ. ಅದೇ ಶತಮಾನದಲ್ಲಿ ಪ್ರೋಬಾ ಎಂಬ ಕುಲೀನಸ್ತ್ರೀಯು ವರ್ಜಿಲನ ಮಾತುಗಳಿಂದಲೇ ಬೈಬಲ್ಲಿನ ಸೃಷ್ಟಿಕಥೆಯನ್ನೂ ಕ್ರಿಸ್ತಚರಿತ್ರೆಯನ್ನೂ ಸುಮಾರು 700 ಪಂಕ್ತಿಗಳಲ್ಲಿ ಹೊಲಿದಳು. ಯುಡೋಕಿಯಾ ಎಂಬ ಚಕ್ರವರ್ತಿನಿಯು 5ನೆಯ ಶತಮಾನದಲ್ಲಿ ಹೋಮರನ ಪಂಕ್ತಿಗಳಿಂದ ಅಂತಹುದನ್ನೇ ಸಿದ್ಧಪಡಿಸಿದಳು. ಕ್ರಿಸ್ತನ ಕಾಲಕ್ಕಿಂತ ಮುಂಚೆ ತೀರಿಕೊಂಡ ವರ್ಜಿಲನನ್ನು ಹೀಗೆ ಕ್ರೈಸ್ತನನ್ನಾಗಿ ಮಾಡುವುದು ಬಾಲಿಶವೆಂದು ಸಂತ ಜೆರೋಮನು ಹಳಿದನು. ಆದರೂ ಪ್ರೋಬಾಳ ಕೃತಿಯನ್ನು ಶತಮಾನಗಳವರೆಗೆ ಜನರು ಓದುತ್ತಲೇ ಇದ್ದರು.

ಈಗ ನಮ್ಮ ನಾಡಿಗೆ ಬರೋಣ. ವಾತ್ಸ್ಯಾಯನನು ಅರುವತ್ತುನಾಲ್ಕು ಕಲೆಗಳಲ್ಲಿ ಕಾವ್ಯಸಮಸ್ಯಾಪೂರಣವನ್ನೂ ಸೇರಿಸಿದ್ದಾನೆ. ಒಬ್ಬನು ಒಂದು ಪಾದವನ್ನು ಕೊಡುವುದು, ಕವಿಯು ಮಿಕ್ಕ ಮೂರನ್ನು ಕಟ್ಟುವುದು. ಅವಧಾನದ ಸಭೆಗಳಲ್ಲಿ ಇಂದಿಗೂ ನಡೆಯುತ್ತಿರುವ ಈ ಕಲೆಯನ್ನು ಪಾಠಕರು ಬಲ್ಲರು. ಅಲ್ಲಿಯ ದತ್ತಪದಿಯು ಕೊಟ್ಟ ಪದಗಳಿಂದಲೇ ಪದ್ಯ ಕಟ್ಟುವ ಕಲೆ. ನಿಷೇಧಾಕ್ಷರಿಯು ಅಕ್ಷರಗಳನ್ನು ತಡೆತಡೆದು ಕಟ್ಟಿಸುವ ಕಲೆ. ಈ ಸಮಸ್ಯಾಪೂರಣವನ್ನು ಒಂದು ಇಡಿಯ ಕಾವ್ಯದ ಮಟ್ಟಕ್ಕೆ ಏರಿಸಿದವನು ರಾಷ್ಟ್ರಕೂಟರ ಕಾಲದ ಜೈನಾಚಾರ್ಯನಾದ ಜಿನಸೇನನು. ವೀರಸೇನನ ಶಿಷ್ಯನಾದ ಈತನು ಕ್ರಿ.ಶ. 837ರಲ್ಲಿ ಜಯಧವಲಾಟೀಕೆಯನ್ನು ಮುಗಿಸಿದನು. ಈತನು ಬರೆದ ಆದಿಪುರಾಣವೇ ನಮ್ಮ ಪಂಪನು 941ರಲ್ಲಿ ರಚಿಸಿದ ಆದಿಪುರಾಣಕ್ಕೆ ಮೂಲ. ಈತನ ಪಾರ್ಶ್ವಾಭ್ಯುದಯವು 364 ಪದ್ಯಗಳ ಕಾವ್ಯ. ಅದರ ಪದ್ಯಗಳಲ್ಲಿ ಕಾಳಿದಾಸನ ಮೇಘದೂತದ ಒಂದು ಪಾದವೋ ಎರಡು ಪಾದಗಳೋ ಕ್ರಮವಾಗಿ ಹುದುಗಿಕೊಂಡಿವೆ. ಮಿಕ್ಕ ಪಾದಗಳು ಜಿನಸೇನನವು. ಹೀಗೆ ಮೇಘದೂತವು ಆದ್ಯಂತವಾಗಿ ಪಾರ್ಶ್ವಾಭ್ಯುದಯದ ಒಡಲಲ್ಲಿದೆ. ಮಂದಾಕ್ರಾಂತಾವೃತ್ತದ ಪಾದಕ್ಕೆ ಹದಿನೇಳು ಅಕ್ಷರ. ನಾಲ್ಕು, ಆರು, ಏಳಕ್ಕೆ ಯತಿ. ಆ ಇಕ್ಕಟ್ಟಿನಲ್ಲಿ ಇನ್ನೊಬ್ಬನ ಪಾದಕ್ಕೆ ಸಂದು ತೋರದಂತೆ ತನ್ನ ಪಾದವನ್ನು ಬೆಸೆಯುವುದೆಂದರೆ ಏನೆಂಬುದನ್ನು ಒಂದೆರಡು ಶ್ಲೋಕಗಳನ್ನಾದರೂ ಕಟ್ಟಿನೋಡಿದವರು ಬಲ್ಲರು.

ಅದಕ್ಕಿಂತಲೂ ಆಶ್ಚರ್ಯಕರವಾದುದು ಅರ್ಥದ ಪರಿವರ್ತನೆ. ಮೇಘದೂತವು ವಿಪ್ರಲಂಭಶೃಂಗಾರದ ಕಾವ್ಯ. ಶಾಪಗ್ರಸ್ತನಾದ ಯಕ್ಷನೊಬ್ಬನು ರಾಮಗಿರಿಯಲ್ಲಿ ನಿಂತು, ಅಲಕೆಯಲ್ಲಿರುವ ಪತ್ನಿಗೆ ಮೋಡದ ಮೂಲಕ ಸಂದೇಶವನ್ನು ಕಳುಹಿಸುವನು. ಜಿನಸೇನನ ವಸ್ತುವಾದರೋ ತೀರ್ಥಂಕರ ಪಾರ್ಶ್ವನಾಥನ ಉಪಸರ್ಗ. ಪೂರ್ವಜನ್ಮದಲ್ಲಿ ಮರುಭೂತಿ ಮತ್ತು ಕಮಠರೆಂಬ ಅಣ್ಣತಮ್ಮಂದಿರು. ತಮ್ಮನ ಹೆಂಡತಿಯಲ್ಲಿ ಅನುರಕ್ತನಾದ ಕಮಠನು ರಾಜನಿಂದ ಬಹಿಷ್ಕೃತನಾಗಿ, ತಮ್ಮನನ್ನೇ ಕೊಂದನು. ಆ ಕಮಠನೇ ಜನ್ಮಾಂತರದಲ್ಲಿ ಯಕ್ಷನಾಗಿ ಬಂದು, ಧ್ಯಾನಸ್ಥನಾದ ಪಾರ್ಶ್ವನನ್ನು ಕೆಣಕುವನು: ಯುದ್ಧಕ್ಕೆ ಬಾ, ನನ್ನ ಖಡ್ಗದಿಂದ ಮಡಿದು ಮೇಘವಾಗು, ಇಂತಿಂತಹ ಮಾರ್ಗದಲ್ಲಿ ಅಲಕೆಗೆ ಹೋಗು ಎಂದು. ಕಾಳಿದಾಸನಲ್ಲಿ ಸ್ನೇಹದಿಂದ ಹೇಳಿದ ದಾರಿಯ ವರ್ಣನೆ ಇಲ್ಲಿ ಹಗೆಯ ಬಾಯಿಂದ ಬರುವುದು. ಅಲ್ಲಿ ವಿರಹವನ್ನು ತಣಿಸುವ ಸುಖಗಳೆಲ್ಲ ಇಲ್ಲಿ ಯೋಗಿಯನ್ನು ಕದಲಿಸಲು ಒಡ್ಡಿದ ಬಲೆಗಳಾಗುವುವು. ಯೋಗಿಯು ಮಾತ್ರ ಕದಲುವುದಿಲ್ಲ. ಶೃಂಗಾರದ ಒಂದು ಅಕ್ಷರವನ್ನೂ ಅಳಿಸದೆ ಶಾಂತರಸವನ್ನು ತಂದುದು ಸಾಮಾನ್ಯವಾದ ಕೆಲಸವಲ್ಲ. ಕೆಲವೆಡೆಗಳಲ್ಲಿ ಅರ್ಥವು ಎಳೆದಂತಾಗಿದೆ, ಅನ್ವಯವು ತೊಡಕಾಗಿದೆ ಎಂಬುದನ್ನು ನಾನು ಅಲ್ಲಗಳೆಯುವುದಿಲ್ಲ. ಆದರೆ ಒಟ್ಟು ಕಾವ್ಯವು ನಿಂತಿದೆ.

ಈ ಕೃತಿಯ ಟೀಕಾಕಾರನಾದ ಯೋಗಿರಾಟ್ ಪಂಡಿತಾಚಾರ್ಯನು ಒಂದು ಕಥೆಯನ್ನು ಹೇಳಿದ್ದಾನೆ. ಕಾಳಿದಾಸನು ಅಮೋಘವರ್ಷನ ಸಭೆಗೆ ಬಂದು ಗರ್ವದಿಂದ ಮೇಘದೂತವನ್ನು ಓದಿದನಂತೆ. ಒಮ್ಮೆ ಕೇಳಿದುದನ್ನು ಮರೆಯದ ಜಿನಸೇನನು ‘ಇದು ಹಳೆಯ ಕಾವ್ಯದಿಂದ ಕದ್ದುದು’ ಎಂದನಂತೆ. ಆ ಹಳೆಯ ಕಾವ್ಯವನ್ನು ತೋರಿಸೆನ್ನಲು ಎಂಟು ದಿನಗಳ ಅವಧಿಯನ್ನು ಕೇಳಿ ಪಾರ್ಶ್ವಾಭ್ಯುದಯವನ್ನು ರಚಿಸಿ ತಂದನಂತೆ. ಇದು ಇತಿಹಾಸಕ್ಕೆ ಸಲ್ಲದು. ಕ್ರಿ.ಶ. 634ರ ಐಹೊಳೆಯ ಶಾಸನದಲ್ಲಿ ರವಿಕೀರ್ತಿಯು ಕಾಳಿದಾಸ ಭಾರವಿಗಳನ್ನು ಆಗಲೇ ಕೀರ್ತಿವಂತರೆಂದು ಹೆಸರಿಸಿದ್ದಾನೆ. ಅಮೋಘವರ್ಷನು ಪಟ್ಟವೇರಿದುದು 814ರಲ್ಲಿ. ಸಹಾಧ್ಯಾಯಿಯಾದ ವಿನಯಸೇನನ ಪ್ರೇರಣೆಯಿಂದ ಬರೆದುದಾಗಿ ಜಿನಸೇನನೇ ಹೇಳಿಕೊಂಡಿರುವುದರಿಂದ, ಅಲ್ಲಿ ಜಗಳಕ್ಕೆ ಕಾರಣವೇ ಇರಲಿಲ್ಲ. ಆದರೂ ಕಥೆಯು ಒಂದು ಸಂಗತಿಯನ್ನು ಬಯಲುಮಾಡುತ್ತದೆ: ಪರರ ಪಾದವನ್ನು ತೆಗೆದುಕೊಳ್ಳುವುದು ಚೌರ್ಯವೋ ಅಲ್ಲವೋ ಎಂಬ ಪ್ರಶ್ನೆಯು ಅಂದಿನವರನ್ನೂ ಕಾಡಿತ್ತು. ರಾಜಶೇಖರನು ಕಾವ್ಯಮೀಮಾಂಸೆಯಲ್ಲಿ ಶಬ್ದಹರಣವನ್ನು ಪದ, ಪಾದ, ಅರ್ಧ, ವೃತ್ತ, ಪ್ರಬಂಧಗಳೆಂದು ಐದಾಗಿ ವಿಂಗಡಿಸಿ, ಯಾವುದು ಒಪ್ಪತಕ್ಕದ್ದು, ಯಾವುದು ಬಿಡತಕ್ಕದ್ದು ಎಂದು ವಿಚಾರಿಸಿದ್ದಾನೆ. ನನ್ನ ಮಟ್ಟಿಗೆ ಒಂದು ಸುಲಭವಾದ ಪರೀಕ್ಷೆ ಸಾಕು. ಓದುಗನು ಮೂಲವನ್ನು ಗುರುತಿಸದಿರಲೆಂದು ಹಾರೈಸುವವನು ಕಳ್ಳ. ಗುರುತಿಸಲೇಬೇಕೆಂದು ಹಾರೈಸುವವನು ಕವಿ. ಮೇಘದೂತವನ್ನು ಕಂಠಪಾಠ ಮಾಡದವನಿಗೆ ಪಾರ್ಶ್ವಾಭ್ಯುದಯದ ಸ್ವಾರಸ್ಯವು ಅರ್ಧವೂ ದಕ್ಕುವುದಿಲ್ಲ.

ಈ ಕೌದಿಯಿಂದ ಯಾರೂ ನಿರೀಕ್ಷಿಸದ ಒಂದು ಪ್ರಯೋಜನವಾಯಿತು. ಹಳೆಯ ಸೀರೆ ಹರಿದುಹೋದರೂ ಅದರ ಬಣ್ಣವು ಕೌದಿಯಲ್ಲಿ ಉಳಿದಿರುವಂತೆ, 9ನೆಯ ಶತಮಾನದ ಸುಮಾರಿಗೆ ದಕ್ಷಿಣದಲ್ಲಿ ಮೇಘದೂತದ ಪಾಠವು ಹೇಗಿತ್ತೆಂಬುದು ಇದರಲ್ಲಿ ಉಳಿದುಬಂದಿತು. ಪುಣೆಯ ಪ್ರೊಫೆಸರ್ ಕಾಶಿನಾಥ ಬಾಪೂಜಿ ಪಾಠಕರು ಇದನ್ನು ಮನಗಂಡು, ಪಾರ್ಶ್ವಾಭ್ಯುದಯದಿಂದ ಕಾಳಿದಾಸನ ಪಾದಗಳನ್ನು ಬಿಡಿಸಿಕೊಂಡು 1894ರಲ್ಲಿ ಮೇಘದೂತವನ್ನು ಅಚ್ಚುಹಾಕಿಸಿದರು. 1898ರಲ್ಲಿ ಕವಿರಾಜಮಾರ್ಗವನ್ನು ಸಂಪಾದಿಸಿ ಕನ್ನಡಿಗರನ್ನು ಋಣಿಗಳನ್ನಾಗಿ ಮಾಡಿದ ಮಹನೀಯರೂ ಇವರೇ. ಜಿನಸೇನನಿಗೆ ದೊರೆತಿದ್ದ ಪ್ರತಿಯಲ್ಲಿ 120 ಪದ್ಯಗಳಿದ್ದುವು. ಕಾಶ್ಮೀರದ ವಲ್ಲಭದೇವನ ಟೀಕೆಯಲ್ಲಿ 111 ಮಾತ್ರ. ಜಿನಸೇನನು ವಲ್ಲಭದೇವನಿಗಿಂತ ಹಿಂದಿನವನಾದರೂ, ಹಳೆಯದೆಲ್ಲವೂ ಶುದ್ಧವೆಂದಲ್ಲ. 1957ರಲ್ಲಿ ಸಾಹಿತ್ಯ ಅಕಾಡೆಮಿಗಾಗಿ ಸುಶೀಲಕುಮಾರ ದೇ ಅವರು ಸಿದ್ಧಪಡಿಸಿದ ಪಾಠವು 111ನ್ನೇ ಅಂಗೀಕರಿಸಿತು. ಆದರೆ ಪ್ರಕ್ಷಿಪ್ತಗಳು ಎಷ್ಟು ಹಳೆಯವೆಂಬುದನ್ನು ಅರಿಯುವುದಕ್ಕಾದರೂ ಜಿನಸೇನನ ಸಾಕ್ಷ್ಯವಿಲ್ಲದೆ ನಡೆಯದು. ಗ್ರೀಕ್ ಸಾಹಿತ್ಯದಲ್ಲಿಯೂ ಇದರಂತೆಯೇ ಆಗಿದೆ. ಯೂರಿಪಿಡೀಸನ ಬ್ಯಾಕ್ಕೆ ನಾಟಕದ ಕೊನೆಯಲ್ಲಿ, ತಾಯಿಯು ತಾನೇ ಕೊಂದ ಮಗನಿಗಾಗಿ ಅಳುವ ಭಾಗವು ಹಸ್ತಪ್ರತಿಯಲ್ಲಿ ಲುಪ್ತವಾಗಿದೆ. ಬೈಜಾಂಟಿಯಮ್ಮಿನ ಅಜ್ಞಾತಕವಿಯೊಬ್ಬನು ಯೂರಿಪಿಡೀಸನ ಪಂಕ್ತಿಗಳಿಂದ ಹೊಲಿದ ಕ್ರಿಸ್ತವೇದನೆಯ ನಾಟಕದಲ್ಲಿ ಮೇರಿಯ ಪ್ರಲಾಪವಿದೆ. ಕಳೆದುಹೋದ ಆ ಅಳಲಿನ ಪಂಕ್ತಿಗಳು ಕೆಲವನ್ನು ವಿದ್ವಾಂಸರು ಅಲ್ಲಿಂದ ಊಹಿಸಿ ತೆಗೆದಿದ್ದಾರೆ.

ಆಧುನಿಕರ ವಿಷಯವನ್ನು ಸಂಕ್ಷೇಪವಾಗಿ ಹೇಳುವೆನು. 1912ರಲ್ಲಿ ಪಿಕಾಸೊ ಮತ್ತು ಬ್ರಾಕ್ ಎಂಬ ಚಿತ್ರಕಾರರು ವೃತ್ತಪತ್ರಿಕೆಯ ತುಂಡುಗಳನ್ನೂ ಬಣ್ಣದ ಕಾಗದಗಳನ್ನೂ ಚಿತ್ರಪಟದ ಮೇಲೆ ಅಂಟಿಸಿ ಕೊಲಾಜ್ ಎಂಬ ಪದ್ಧತಿಯನ್ನು ಬಳಕೆಗೆ ತಂದರು. 1920ರಲ್ಲಿ ತ್ರಿಸ್ತಾನ್ ಜಾರಾ ಎಂಬ ಕವಿಯು ಪತ್ರಿಕೆಯ ಪದಗಳನ್ನು ಕತ್ತರಿಸಿ, ಚೀಲದಲ್ಲಿ ಕುಲುಕಿ, ಕೈಗೆ ಬಂದಂತೆ ಬರೆದರೆ ಅದೇ ಕವಿತೆಯೆಂದು ಸಾರಿದನು. ಇದು ಹುಡುಗಾಟ, ಪ್ರತಿಭೆಗೆ ಇದರಲ್ಲಿ ಎಡೆಯೇ ಇಲ್ಲ. 1966ರಲ್ಲಿ ಲಂಡನ್ನಿನ ಟಾಮ್ ಫಿಲಿಪ್ಸ್ ಎಂಬ ಚಿತ್ರಕಾರನು ಮ್ಯಾಲಕ್ ಎಂಬವನ 1892ರ ಕಾದಂಬರಿಯೊಂದನ್ನು ಮೂರು ಪೆನ್ಸಿಗೆ ಕೊಂಡು, ಅದರ ಒಂದೊಂದು ಪುಟದ ಮೇಲೂ ಚಿತ್ರ ಬರೆದು, ನಡುವೆ ಕೆಲವು ಪದಗಳನ್ನು ಮಾತ್ರ ತೆರೆದಿಟ್ಟನು. ಈ ಕಾರ್ಯವು ಐವತ್ತು ವರ್ಷ ನಡೆದು 2016ರಲ್ಲಿ ಕೊನೆಯ ಆವೃತ್ತಿಯಾಗಿ ಹೊರಬಂದಿತು. ತಪಸ್ಸೆಂದು ಕರೆದರೆ ಅತಿಶಯವಾಗದು. ಅಮೆರಿಕದ ರೊನಾಲ್ಡ್ ಜಾನ್ಸನ್ನನು ಮಿಲ್ಟನ್ನನ ಪ್ಯಾರಡೈಸ್ ಲಾಸ್ಟ್ ಕಾವ್ಯದ ಮೊದಲ ನಾಲ್ಕು ಕಾಂಡಗಳಿಂದ ಪದಗಳನ್ನು ಅಳಿಸಿ 1977ರಲ್ಲಿ ಪ್ರಕಟಿಸಿದ ಕೃತಿಗೆ, ಆ ಹೆಸರಿನಿಂದಲೇ ಅಕ್ಷರಗಳನ್ನು ಕಳೆದು ‘ರೇಡಿ ಆಸ್’ ಎಂದು ಹೆಸರಿಟ್ಟನು. ನಮ್ಮ ಅಕ್ಷರಚ್ಯುತಕವು ಅಲ್ಲಿ ಹೊಸ ವೇಷದಿಂದ ಬಂದಂತಾಯಿತು. ಜೆನ್ ಬರ್ವಿನ್ ಎಂಬ ಕವಯಿತ್ರಿಯು 2004ರಲ್ಲಿ ಶೇಕ್ಸ್‌ಪಿಯರನ ಸುನೀತಗಳನ್ನು ತೆಗೆದುಕೊಂಡು, ಮೂಲವನ್ನೆಲ್ಲ ಮಾಸಿದ ಬೂದುಬಣ್ಣದಲ್ಲಿಯೂ ತಾನು ಆಯ್ದ ಪದಗಳನ್ನು ದಟ್ಟವಾದ ಕಪ್ಪಿನಲ್ಲಿಯೂ ಅಚ್ಚುಮಾಡಿಸಿದಳು. ಇದು ನನಗೆ ಹೆಚ್ಚು ಸೊಗಸೆನಿಸುವುದು. ಮಹಾಕವಿಯು ಅಲ್ಲಿಯೇ ಇದ್ದಾನೆ, ತುಸು ಹಿಂದೆ ಸರಿದು ನಿಂತಿದ್ದಾನೆ.

ಅಳಿಸುವಿಕೆಯು ವಿನೋದವನ್ನು ದಾಟಿ ಶೋಕಕ್ಕೆ ಮುಟ್ಟಿದ ಒಂದು ಉದಾಹರಣೆಯನ್ನು ಹೇಳದಿರಲಾಗದು. ಅದು ಕಾವ್ಯದಿಂದ ಹುಟ್ಟಿದುದಲ್ಲ, ನ್ಯಾಯಾಲಯದ ವರದಿಯಿಂದ ಹುಟ್ಟಿದುದು. 1781ರಲ್ಲಿ ಜಾಂಗ್ ಎಂಬ ಇಂಗ್ಲಿಷ್ ಹಡಗಿನವರು ತಾವು ಗುಲಾಮರನ್ನಾಗಿ ಸಾಗಿಸುತ್ತಿದ್ದ ಆಫ್ರಿಕದ 130ಕ್ಕೂ ಹೆಚ್ಚು ಜನರನ್ನು ಸಮುದ್ರಕ್ಕೆ ಎಸೆದರು. ನಷ್ಟವಾದ ಸರಕಿಗೆ ವಿಮೆಯ ಹಣ ಬರಬೇಕೆಂದು ಮಾಲೀಕರು ದಾವೆ ಹೂಡಿದರು. ಕೊಲೆಯ ವಿಚಾರಣೆ ನಡೆಯಲಿಲ್ಲ, ಸರಕಿನ ವಿಚಾರಣೆ ನಡೆಯಿತು. 1783ರ ಆ ವರದಿಯ ಪದಗಳನ್ನೇ ಒಡೆದು, ಚೆದುರಿಸಿ, ನೋರ್ಬೆಸ್ ಫಿಲಿಪ್ ಎಂಬ ಕವಯಿತ್ರಿಯು 2008ರಲ್ಲಿ ‘ಜಾಂಗ್!’ ಎಂಬ ಕೃತಿಯನ್ನು ರಚಿಸಿದಳು. ಆಕೆಯು ಹಿಂದೆ ವಕೀಲಿಯನ್ನು ಮಾಡಿದವಳು. ಮುಳುಗಿದವರ ಹೆಸರುಗಳು ಆ ವರದಿಯಲ್ಲಿಲ್ಲ. ಅವರನ್ನು ಮೊದಲು ಅಳಿಸಿದುದು ಆ ಬರಹವೇ. ಇಂತಹ ಕಡೆ ಮಾತನ್ನು ಮುರಿಯದೆ ಬೇರೆ ದಾರಿಯಿತ್ತೆಂದು ಹೇಳುವ ಧೈರ್ಯ ನನಗಿಲ್ಲ.

ಕನ್ನಡದಲ್ಲಿ ಇದನ್ನು ಮಾಡಹೊರಟವರಿಗೆ ಒಂದು ತೊಡಕು ಎದುರಾಗುವುದು. ಇಂಗ್ಲಿಷಿನಲ್ಲಿ ಪದಗಳು ಬಿಡಿಬಿಡಿಯಾಗಿ ನಿಲ್ಲುವುವು. ಅಲ್ಲೊಂದು ಇಲ್ಲೊಂದು ಆಯ್ದರೂ ವಾಕ್ಯವು ಕೂಡಿಬರುವುದು. ನಮ್ಮಲ್ಲಿ ವಿಭಕ್ತಿಯೂ ಆಖ್ಯಾತವೂ ಪದದ ಬಾಲಕ್ಕೆ ಅಂಟಿಕೊಂಡಿರುವುವು, ಸಂಧಿಯು ಎರಡು ಪದಗಳನ್ನು ಒಂದಾಗಿಸಿರುವುದು. ಇಡಿಯ ಪದವನ್ನೇ ಆಯ್ದರೆ ಕರ್ತೃವು ಒಂದು ಕಡೆ, ಕ್ರಿಯೆಯು ಮತ್ತೊಂದು ಕಡೆ ತಿರುಗಿ ಕುಳಿತುಕೊಳ್ಳುವುದು. ಆದುದರಿಂದ ಕನ್ನಡದವನು ಪದದ ಒಳಗೇ ಕೈಹಾಕಬೇಕು. ‘ಬಾರದಿರು’ ಎಂಬಲ್ಲಿ ಮೊದಲ ಅಕ್ಷರವನ್ನುಳಿಸಿ ಮಿಕ್ಕುದನ್ನು ಮುಚ್ಚಿದರೆ ‘ಬಾ’ ಎಂಬ ಕರೆ ಉಳಿಯುವುದು. ‘ಕಾಲುವೆ’ಯಲ್ಲಿ ಕಾಲು ಅಡಗಿದೆ, ‘ಮರೆಯಲಾರೆ’ ಎಂಬಲ್ಲಿ ‘ಮರೆ’ ಎಂಬ ಆಜ್ಞೆಯೇ ಅಡಗಿದೆ. ಇದನ್ನು ಹುಡುಕುವಾಗ ಮಕ್ಕಳು ಪ್ರಕೃತಿಪ್ರತ್ಯಯಗಳನ್ನು ತಾವಾಗಿಯೇ ಬಿಡಿಸಿ ನೋಡುವರು. ಅವರಿಗೆ ವ್ಯಾಕರಣವನ್ನು ಕಲಿಸಲು ಬೆತ್ತ ಹಿಡಿದು ನಾವು ಪಟ್ಟ ಪಾಡಿಗೆ ಹೋಲಿಸಿದರೆ ಇದು ಲೇಸು. ಕಾವ್ಯವನ್ನು ಮೊದಲು ಪೂರ್ಣವಾಗಿ ಓದಿಸಿ, ಅನಂತರ ಮಸಿಯನ್ನು ಕೈಗೆ ಕೊಡುವುದು ಉಪಾಧ್ಯಾಯರ ಹೊಣೆ.

ಮನೆಯ ಹಿರಿಯರಿಗೂ ಒಂದು ಬಿನ್ನಹವುಂಟು. ಅಟ್ಟದ ಮೇಲಿನ ಹಳೆಯ ಗ್ರಂಥಗಳನ್ನು ಈ ಕಾರ್ಯಕ್ಕೆ ಕತ್ತರಿಸಗೊಡಬೇಡಿರಿ. ಪುಟದ ಪ್ರತಿಯನ್ನು ತೆಗೆಸಿ ಮಕ್ಕಳ ಕೈಗೆ ಕೊಡಿರಿ. ಮೂಲವು ಕಪಾಟಿನಲ್ಲಿರಲಿ.